ಕುಬಸದ ಕುರ್ಚಿ

ಸಿದ್ದಲಿಂಗವ್ವ ಆರತಿಗೆ ದೀಪ ಹಚ್ಚುವುದಕ್ಕೂ ಸೊಸೆ ಮೀನಾಳ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ತಲೆಗೆ ಮಲ್ಲಿಗೆ ದಂಡೆ ಮುಡಿದು ತುಂಬುಬಸುರಿ ಮೀನಾ ತನ್ನ ಸೀಮಂತಕ್ಕೆ ಕುಬಸದ ಕುರ್ಚಿಯಲ್ಲಿ ಕುಳಿತಿದ್ದಳು. ಆರತಿ ಮುಗಿಯುವ ತನಕ ಏಳುವಂತಿಲ್ಲ. ಅವಳ ಫೋನಿನಲ್ಲೇ ಫೋಟೊ ತೆಗೆಯುತ್ತಿದ್ದ ನಾದಿನಿ ಶೈಲಜಾ, "ವೈನಿ, ಯಾರೋ ಸಂದೀಪ ಅಂತ" ಎನ್ನುತ್ತ ಸ್ಪೀಕರ್ ಒತ್ತಿ ಹಿಡಿದಳು.

"ಮೇಡಂ, ಆಸ್ಪತ್ರಿ ಕಂಪ್ಯೂಟರ್ ಎಲ್ಲಾ ನಿಂತಾವ್ರಿ. ಒಂದ ಚೀಟಿನೂ ಹೊರಗ ಬರವಲ್ದು. ಲಾಗ್ ಫೈಲ್ ಬೆಳದು ಬೆಳದು ಡಿಸ್ಕ್ ತುಂಬೈತ್ರಿ. ಅದನ್ನ ಅಳಿಸಿಬಿಡ್ಲೇನ್ರಿ?"

"ಮುಟ್ಟಬ್ಯಾಡ!"

ಮೀನಾ ಕೂಗಿದ ರಭಸಕ್ಕೆ ಹಾಡುತ್ತಿದ್ದ ಹೆಂಗಸರು ಗಪ್ಪಾದರು. ಬೆಳಗಾವಿಯ ಒಂದು ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು ಅವಳ ಕೆಲಸ; ಸಂದೀಪ ಅಲ್ಲಿಯ ಸಹಾಯಕ. ರಾಮದುರ್ಗದ ಈ ಮನೆಯಲ್ಲಿ ಕುಳಿತೇ ಮಾಡುತ್ತಿದ್ದಳು. ಆದರೆ ಅಂದು ಬೆಳಿಗ್ಗೆ ಸಿದ್ದಲಿಂಗವ್ವ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕುಬಸ ಮುಗಿಸಿ ಸೊಸೆ ಯರಗಟ್ಟಿಯ ತವರಿಗೆ ಬಾಣಂತನಕ್ಕೆ ಹೋಗುವುದು, ಲ್ಯಾಪ್‌ಟಾಪ್ ಇಲ್ಲೇ ಉಳಿಯುವುದು, ಕೆಲಸಕ್ಕೆ ರಾಜೀನಾಮೆ ಕೊಡುವುದು ಎಂದು ಸಿದ್ದಲಿಂಗವ್ವನೂ ಮೀನಾಳ ತಾಯಿ ರಾಚವ್ವನೂ ಕೂಡಿ ತೀರ್ಮಾನಿಸಿದ್ದರು. ಮೀನಾಳನ್ನು ಕೇಳುವುದೊಂದು ಮರೆತುಹೋಗಿತ್ತು. ಕಷ್ಟಪಟ್ಟು ಕಲಿತ ಕೆಲಸ ಕೈಬಿಟ್ಟು ಹೋಗುತ್ತದಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ಮುತ್ತೈದೆಯರು ತುಂಬಿದ ಮನೆಯಲ್ಲಿ ಅಳುವುದು ಹೇಗೆ? ನಗುತ್ತ ಕುಳಿತಿದ್ದಳು.

"ಅತ್ತೀ, ಕಪಾಟಿನ ಕೀಲಿ ಕೊಡ್ರಿ."

"ಆರತಿ ಹೊತ್ತಿನ್ಯಾಗ? ಸುಮ್ನ ಕುಂಡ್ರು. ಆ ಹುಡುಗ ಅದಾನಲ್ಲ, ಅಳಸ್ತೇನಿ ಅನ್ನಾಕತ್ತಾನ, ಅಳಸಲಿ ಬಿಡು."

"ಅಳಸಬಾರದ್ರಿ! ಯಾರಿಗೆ ಏನ್ ಔಷಧ ಕೊಟ್ರು, ಯಾರ ರಕ್ತ ಯಾವ್ದು, ಏನ ಬರದ್ರೂ ಮೊದಲ ದಾಖಲಾಗೂದು ಅದರಾಗ. ಅದು ಹೋದ್ರ ಇವತ್ತ ಬರದದ್ದು ಕೈಗೆ ಸಿಗತೈತೋ ಇಲ್ಲೋ."

ಸಿದ್ದಲಿಂಗವ್ವ ಕದಲಲಿಲ್ಲ. ಅಷ್ಟರಲ್ಲಿ ಫೋನಿನಿಂದ ಸಂದೀಪನ ದನಿ ಮತ್ತೆ ಬಂತು. "ಮೇಡಂ, ಲಗೂ ನೋಡ್ರಿ. ಹೆರಿಗಿ ವಾರ್ಡಿನ ಮಂದಿ ಜಗಳಕ್ಕ ಬಿದ್ದಾರ. ಬ್ಯಾನಿ ತಿನ್ನೂ ಹೆಣ್ಮಕ್ಕಳ ಹೆಸರು ಸೈತ ಬರಕೊಳ್ಳಾಕ ಆಗವಲ್ದು."

ಸಿದ್ದಲಿಂಗವ್ವ ಸೊಸೆಯ ಹೊಟ್ಟೆ ನೋಡಿದಳು. ಆರತಿ ತಟ್ಟೆಯನ್ನು ರಾಚವ್ವನ ಕೈಗಿಟ್ಟು ಒಳಗೆ ಹೋದವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಉಡಿಯೊಳಗಿನ ಕೊಬ್ಬರಿ, ಉತ್ತತ್ತಿ ಚೆಲ್ಲಬಾರದೆಂದು ಸೊಸೆಯ ಮುಂದೆ ತಾನೇ ಸ್ಟೂಲು ಎಳೆದಿಟ್ಟಳು.

ದಿನವೂ ನಡೆಯಬೇಕಾದ ಲಾಗ್ ಬ್ಯಾಕಪ್ ಯಾವಾಗಲೋ ಕೆಟ್ಟು ನಿಂತಿತ್ತು. ಹಳೆಯದನ್ನು ಖಾಲಿ ಮಾಡುವವರಿಲ್ಲದೆ ಫೈಲು ಉಬ್ಬಿಕೊಂಡಿತ್ತು. ಮೀನಾ ಬೇರೆ ಡಿಸ್ಕಿಗೆ ಬ್ಯಾಕಪ್ ಹಾಕಿದಳು; ಅಲ್ಲಿ ಪ್ರತಿ ಉಳಿದ ಮೇಲೆ ಇಲ್ಲಿಯದು ಖಾಲಿಯಾದರೂ ಚಿಂತೆಯಿಲ್ಲ. ಬೆರಳು ಆಡಿದಾಗೆಲ್ಲ ಬಳೆಗಳು ಗಲಗಲ ಎನ್ನುತ್ತಿದ್ದವು. ಮಿಕ್ಕವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು, ಪಕ್ಕದ ಮನೆಯ ರಾಣಿಯೊಬ್ಬಳನ್ನು ಬಿಟ್ಟು.

"ಇನ್ನ ಎಷ್ಟೊತ್ತವ್ವಾ? ಹೋಳಗಿ ಆರಾಕತ್ತಾವು."

"ಆರಲಿ. ಬಿಸಿ ಮಾಡಿದ್ರಾತು" ಎಂದಳು ಸಿದ್ದಲಿಂಗವ್ವ, ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕುತ್ತ.

ಬ್ಯಾಕಪ್ ಮುಗಿಯಿತು. ಲಾಗಿನ ಒಳಗೆಲ್ಲ ಖಾಲಿಯಾದರೂ ಫೈಲಿನ ಗಾತ್ರ ಮಾತ್ರ ಹಾಗೇ ಇತ್ತು. ಮೀನಾ ಅದನ್ನು ಕುಗ್ಗಿಸಿದಳು, ಡಿಸ್ಕಿನಲ್ಲಿ ಜಾಗವಾಯಿತು.

"ಚೀಟಿ ಬರಾಕತ್ತಾವ್ರಿ ಮೇಡಂ!" ಸಂದೀಪ ಕೂಗಿದ. "ಫೈಲ್ ಇನ್ನೂ ಸಣ್ಣದು ಮಾಡ್ರಿ. ಅರ್ಧಕ್ಕಿಂತ ಹೆಚ್ಚಿಗಿ ಖಾಲಿನ ಐತಲ್ರಿ."

"ಬ್ಯಾಡ. ನಾಳಿ ಮುಂಜಾನೆ ಗದ್ದಲದಾಗ ಅದು ಮತ್ತ ಬೆಳೀಬೇಕಾಗತೈತಿ. ಬೆಳಿಯೂ ತನಕ ಮಂದಿ ಕಾಯ್ಬೇಕು. ದಿನದ ಕೆಲಸಕ್ಕ ಎಷ್ಟ ಬೇಕೋ ಅಷ್ಟ ಜಾಗ ಇರಲಿ. ಬ್ಯಾಕಪ್ ಯಾಕ ನಿಂತಿತ್ತು ಅನ್ನೂದನ್ನ ಸಂಜಿಕ ನೋಡ್ತೇನಿ" ಎಂದುಬಿಟ್ಟಳು ಮೀನಾ. ಸಂಜೆಗೆ ಲ್ಯಾಪ್‌ಟಾಪ್ ತನ್ನ ಬಳಿ ಇರುವುದಿಲ್ಲವೆಂಬುದು ಆಮೇಲೆ ನೆನಪಾಗಿ ಅವಳ ಮುಖ ಬಾಡಿತು.

ಆರತಿ ಆಯಿತು, ಊಟಕ್ಕೆ ಎಲೆ ಹಾಕಿದರು. ಸಿದ್ದಲಿಂಗವ್ವ ತಾನೇ ಹೋಳಿಗೆ ಬಡಿಸುತ್ತ ಪಂಕ್ತಿಯುದ್ದಕ್ಕೂ ಸೊಸೆಯ ಕಥೆ ಹೇಳಿದಳು. ಮೊದಲ ಎಲೆಯ ಹತ್ತಿರ ಸೊಸೆ ಕಂಪ್ಯೂಟರ್ ರಿಪೇರಿ ಮಾಡಿದ್ದಳು. ನಡುವಿಗೆ ಬರುವಷ್ಟರಲ್ಲಿ ಇಡೀ ಆಸ್ಪತ್ರೆ ಉಳಿಸಿದ್ದಳು. ಕೊನೆಯ ಎಲೆ ಮುಟ್ಟುವ ಹೊತ್ತಿಗೆ ಕುರ್ಚಿಯಲ್ಲಿ ಕುಳಿತೇ ಯಾರದೋ ಹೆರಿಗೆ ಮಾಡಿಸಿಬಿಟ್ಟಿದ್ದಳು. ಮೀನಾಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಬಿಸಿಲು ಇಳಿದ ಮೇಲೆ ಯರಗಟ್ಟಿಗೆ ಹೋಗುವ ಕಾರು ಬಾಗಿಲಿಗೆ ಬಂತು. ಸಿದ್ದಲಿಂಗವ್ವ ಸೊಸೆಯ ಬ್ಯಾಗು ಬಿಚ್ಚಿ ಎರಡು ರೇಷ್ಮೆ ಸೀರೆ ಹೊರಗೆ ತೆಗೆದಳು. ಆ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟು, ಚಾರ್ಜರನ್ನು ಒಂದು ಟವೆಲ್ಲಿನಲ್ಲಿ ಸುತ್ತಿ ಮೂಲೆಗೆ ತುರುಕಿದಳು. ಮೀನಾ ನಿಂತಲ್ಲೇ ನಿಂತು ನೋಡಿದಳು. ಬೆಳಿಗ್ಗೆಯಿಂದ ತಡೆದಿದ್ದ ಅಳು ಈಗ ಬಂದೇಬಿಟ್ಟಿತು.

ರಾಚವ್ವ ಗಾಬರಿಯಾದಳು. "ಅಲ್ರೀ ಬೀಗರ, ಇದು ಇಲ್ಲೇ ಇರಲಿ, ಕೆಲಸ ಬಿಡಿಸೂಣು ಅಂತ ನೀವ ಅಂದಿದ್ರಲ್ರಿ?"

"ಅಂದಿದ್ದೆ, ಈಗ ಇಲ್ಲ" ಎಂದ ಸಿದ್ದಲಿಂಗವ್ವ ಬ್ಯಾಗಿನ ಜಿಪ್ಪು ಎಳೆದಳು. "ನಿಮ್ಮ ಮನ್ಯಾಗ ನೆಟ್ ಛಲೋ ಬರತೈತೋ ಇಲ್ಲೋ, ಅದನ್ನ ಮೊದಲ ಹೇಳ್ರಿ. ಬರಂಗಿಲ್ಲಂದ್ರ ಬಾಣಂತನ ನಾವ ಮಾಡ್ತೇವಿ."