ಮೆಣಸಿನ ಘಾಟು ತಾಗದ ಕೋಣೆ

“ತಾಯಾರು ಗಟ್ಟಿ ಅದಾರಿಲ್ಲೋ, ಸಾಹೇಬ್ರ?”

ಮೂರನೆಯ ಭೇಟಿಯಲ್ಲೂ ಶಾರದಾಬಾಯಿ ನಕ್ಷೆ ಬಿಚ್ಚುವ ಮೊದಲು ಮನೆಯ ಮಾತೆತ್ತಿದಾಗ ಪದ್ಮನಾಭನಿಗೆ ಗುಮಾನಿ ಬಂತು. ಕಾರ್ಖಾನೆ ಕಟ್ಟಿಸುವವರಿಗೆ ಆರ್ಕಿಟೆಕ್ಟನ ತಾಯಿಯ ಆರೋಗ್ಯವೇಕೆ?

“ಗಟ್ಟಿಯಾಗಿದ್ದಾರೆ. ಮೈಸೂರಿನಲ್ಲಿದ್ದಾರೆ. ಶಾಲೆಯಿಂದ ನಿವೃತ್ತಿಯಾದ ಮೇಲೆ ಹೊತ್ತೇ ಹೋಗೋದಿಲ್ಲ ಅಂತಾರೆ.”

“ಈ ಊರಿಗೆ ಬಂದು ಇರಾಕ ಒಪ್ತಾರೇನ್ರಿ?”

ಪಕ್ಕದಲ್ಲಿ ಕೂತಿದ್ದ ಮಗಳು ಶಿವಗಂಗಾ ತಟ್ಟನೆ ತಲೆಯೆತ್ತಿದಳು. ಪದ್ಮನಾಭ ತಡವರಿಸಿದ. “ಒಪ್ಪಬಹುದು. ಒಳ್ಳೆಯ ಕಾರಣ ಇದ್ದರೆ.”

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ಗಚ್ಚಿಬೌಲಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಪದ್ಮನಾಭನ ಆಫೀಸಿನಲ್ಲಿ ಉಳಿದವರಿಗೆಲ್ಲ ಸಾಫ್ಟ್‌ವೇರ್ ಕಂಪನಿಗಳ ಕೆಲಸ ಸಿಕ್ಕಿತ್ತು. ಇವನ ಪಾಲಿಗೆ ಬಂದದ್ದು ಚಟ್ನಿಪುಡಿ ಕಾರ್ಖಾನೆ. ರಾಯಚೂರು ಕಡೆಯ ಶಾರದಾಬಾಯಿ ಸಿಕಂದರಾಬಾದಿನ ಬಾಡಿಗೆ ಮನೆಯ ಹಿತ್ತಲಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿಸಿ ಮಾರುತ್ತಿದ್ದರು. ಹಿತ್ತಲು ಸಾಲದಾಗಿತ್ತು. ಪಟಾನ್‌ಚೆರು ಬಳಿ ಜಾಗ ಕೊಂಡಿದ್ದರು. ಒಂದೇ ಸೂರಿನಡಿ ಹುರಿಯಬೇಕು, ಕುಟ್ಟಬೇಕು, ಮಾಲು ಕೆಡದಂತೆ ಇಡಬೇಕು.

ಮೊದಮೊದಲು ಅವನಿಗೆ ಬೇಸರವಿತ್ತು. ಮೊದಲ ಭೇಟಿಯಲ್ಲಿ ಶಿವಗಂಗಾ ಅವನ ಊಟದ ಡಬ್ಬಿಯ ಹುಳಿ-ಅನ್ನ ರುಚಿ ನೋಡಿದ್ದಳು, ಅಷ್ಟೇ. ಆಮೇಲೆ ಶಿವಗಂಗಾಳ ಜೊತೆ ವಾದ ಶುರುವಾಯಿತು. ಗೋದಾಮು ಬಿಸಿಲಿಗೆ ಬೆನ್ನು ಹಾಕಿರಬೇಕೆಂದು ಅವಳು. ಹಾಗಾದರೆ ಲಾರಿ ತಿರುಗಲು ಜಾಗವಿಲ್ಲವೆಂದು ಇವನು. ನಾಲ್ಕೈದು ಭೇಟಿಯಾಗುವಷ್ಟರಲ್ಲಿ ಗೋದಾಮು ತಿರುಗಿತ್ತು, ಪದ್ಮನಾಭನ ತಲೆಯೂ.

ಆಗಲೇ ಶಾರದಾಬಾಯಿ ಹೊಸದೊಂದು ಬೇಡಿಕೆ ಇಟ್ಟರು.

“ಗೋದಾಮಿನ ಬಾಜೂಕ ಒಂದು ಖೋಲಿ ಬೇಕ್ರಿ. ಮೆಣಸಿನ ಘಾಟು ಅಲ್ಲಿ ಸುಳೀಬಾರ್ದು. ಗಾಳಿ ಬೆಳಕು ಚಂದ ಇರಬೇಕು.”

“ಯಾರಿಗೆ?”

“ಮುಂದ ನಮ್ಮ ಮನೀ ಮಂದಿ ಆಗೋರಿಗೆ,” ಎಂದು ಶಾರದಾಬಾಯಿ ನಕ್ಕರು. “ನಿಮ್ಮ ಮನಸಿಗೆ ಬಂದಂಗ ಬರೀರಿ. ನಿಮಗ ಗೊತ್ತಿರತೈತಿ.”

ಪದ್ಮನಾಭನ ಕಿವಿ ಕೆಂಪಾಯಿತು. ಆ ಕೋಣೆಯನ್ನು ಅವನು ತಾನೇ ಕೂರುವವನಂತೆ ಬರೆದ. ಉತ್ತರಕ್ಕೆ ದೊಡ್ಡ ಕಿಟಕಿ. ನಕ್ಷೆ ಹರಡಲು ಉದ್ದನೆಯ ಮೇಜು. ಶಿವಗಂಗಾ ಮೇಜನ್ನು ಹೊಡೆದುಹಾಕಿ ಅಲ್ಲಿ ಕಲ್ಲಿನ ಕಟ್ಟೆ, ಒಲೆ ಎಂದು ಬರೆದಳು. ಚಹಾಕ್ಕಿರಬೇಕು ಎಂದುಕೊಂಡ. ಎಷ್ಟು ಕಾಳಜಿ!

ಒಂದು ಭಾನುವಾರ ತಾಯಿ ಮಗಳು ಮಣಿಕೊಂಡದ ಅವನ ಫ್ಲ್ಯಾಟಿಗೇ ಬಂದರು. ಹಾಲ್ ನೋಡಲಿಲ್ಲ, ಬಾಲ್ಕನಿ ನೋಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ನಡೆದರು. ಶಾರದಾಬಾಯಿ ಡಬ್ಬಿಗಳ ಮುಚ್ಚಳ ತೆಗೆದು ಮೂಸಿದರು. ಅಮ್ಮ ಕಳಿಸಿದ್ದ ಪುಡಿ ಹಾಕಿ ಮಾಡಿದ್ದ ಹುಳಿ-ಅನ್ನವನ್ನು ಪದ್ಮನಾಭ ಬಡಿಸಿದ. ಶಿವಗಂಗಾ ಎರಡನೆಯ ಸಲ ಹಾಕಿಸಿಕೊಂಡಳು.

“ಅವ್ವಾ,” ಎಂದಳು ಮೆಲ್ಲಗೆ, “ನಾ ಹೇಳಿದ್ನಿಲ್ಲ?”

“ಹೌದವ್ವ. ಕೈ ಬಿಡಬಾರ್ದು,” ಎಂದರು ತಾಯಿ. ಹೋಗುವಾಗ ಪದ್ಮನಾಭನ ತಾಯಿ ವೇದವತಿಯವರ ಫೋನ್ ನಂಬರು ಕೇಳಿ ಪಡೆದರು.

ಅವರು ಲಿಫ್ಟ್ ಹತ್ತುತ್ತಲೇ, ಇದನ್ನೆಲ್ಲ ನೋಡುತ್ತಿದ್ದ ಫ್ಲ್ಯಾಟಿನ ಗೆಳೆಯ ಸೃಜನ್ ಕುಣಿದ. “ಹುಡುಗ ಮನೆ ಹೇಗೆ ಇಟ್ಕೊಂಡಿದ್ದಾನೆ ಅಂತ ನೋಡೋಕೆ ಬಂದಿದ್ರು ಕಣೋ. ಅಳಿಯ ಆಗಿಬಿಟ್ಟೆ ನೀನು!”

ಆ ವಾರ ಅಮ್ಮನ ದನಿಯೇ ಬದಲಾಗಿತ್ತು. “ಶಾರದಾಬಾಯಿ ದಿನಾ ಫೋನ್ ಮಾಡ್ತಾರೆ ಕಣೋ. ಬಹಳ ಒಳ್ಳೆಯವರು. ನೀನು ಮಧ್ಯೆ ಬಾಯಿ ಹಾಕಬೇಡ. ನಾವು ಮಾತಾಡ್ಕೋತೀವಿ.”

ಅವನೇಕೆ ಬಾಯಿ ಹಾಕುತ್ತಾನೆ? ಹೊಸ ಅಂಗಿ ಕೊಂಡ. ಕನ್ನಡಿಯ ಮುಂದೆ ‘ಭಾಳ ಸಂತೋಷರಿ’ ಎಂದು ಅಭ್ಯಾಸ ಮಾಡಿದ.

ವೇದವತಿ ರೈಲಿನಲ್ಲಿ ಬಂದಿಳಿದ ಮರುದಿನ ಬೆಳಿಗ್ಗೆ ಎಲ್ಲರೂ ಸಿಕಂದರಾಬಾದಿನ ಆ ಮನೆಯಲ್ಲಿ ಸೇರಿದರು. ಊಟದ ಆಸೆಗೆ ಸೃಜನ್ ಕೂಡ ಬಂದಿದ್ದ. ತಟ್ಟೆಯಲ್ಲಿ ಇಳಕಲ್ ಸೀರೆ, ಹೂವು, ತೆಂಗಿನಕಾಯಿ. ಪದ್ಮನಾಭನಿಗೆ ಕಾಲು ಎಲ್ಲಿಡಬೇಕೆಂದೇ ತೋಚಲಿಲ್ಲ. ಶಿವಗಂಗಾ ಅವನ ಅಂಗಿ ನೋಡಿ ತುಟಿ ಕಚ್ಚಿ ನಗು ತಡೆದಳು.

“ನಾವು ನಾವು ಮಾತಾಡಿ ಮುಗಿಸೀವಿ,” ಎಂದರು ಶಾರದಾಬಾಯಿ. “ಆದ್ರೂ ಅಕ್ಕಾರ, ಮಗನ್ನ ಒಂದು ಮಾತು ಕೇಳ್ರಿ. ಆಮ್ಯಾಲ ಅವ್ರು ಬ್ಯಾಡ ಅನಬಾರ್ದು.”

ವೇದವತಿ ಮಗನತ್ತ ತಿರುಗಿದರು. “ನಿನ್ನದೇನೂ ಅಭ್ಯಂತರ ಇಲ್ಲ ತಾನೇ?”

“ಇಲ್ಲಮ್ಮ,” ಎಂದ ಪದ್ಮನಾಭ ನೆಲ ನೋಡುತ್ತ. “ನನಗೆ ಪೂರ್ತಿ ಒಪ್ಪಿಗೆ. ಭಾಳ ಸಂತೋಷರಿ.”

ಎಲ್ಲರೂ ಹೋ ಎಂದು ನಕ್ಕರು. ಶಾರದಾಬಾಯಿ ತಟ್ಟೆ ಎತ್ತಿಕೊಂಡು ಬಂದು ಸೀರೆಯನ್ನು ವೇದವತಿಯವರ ಕೈಗಿಟ್ಟರು. ವೇದವತಿ ಅದನ್ನು ಕಣ್ಣಿಗೊತ್ತಿಕೊಂಡು ಸೆರಗು ಸಿಕ್ಕಿಸಿದರು.

“ಹಾಗಾದರೆ ಸೋಮವಾರದಿಂದಲೇ ಕೆಲಸಕ್ಕೆ ಬರ್ತೀನಿ, ಶಾರದಾಬಾಯಿ. ಹುಳಿಪುಡಿ, ಸಾರಿನಪುಡಿ ಎರಡೂ ನನಗೆ ಬಿಡಿ. ಇವನಿಗೊಂದು ಹುಡುಗಿ ನೋಡೋದು ಮಾತ್ರ ನಿಮ್ಮ ಜವಾಬ್ದಾರಿ.”