ಪುಡಿ ಮಾರುವವರ ಪುಟ

"ಇಂಟರ್ನೆಟ್‌ನಾಗೇ ಬಂದೈತೆ, ಇನ್ನೇನ್ ಸಾಕ್ಷಿ ಬೇಕು ನಿಂಗೆ?" ತಂಗಿ ಸುನಂದಾಳನ್ನು ತಿಪಟೂರಿನ ಸೈಬರ್ ಸೆಂಟರಿಗೆ ಎಳೆದು ತಂದಿದ್ದ ಈರಣ್ಣ ರೇಗಿದ. ಒಂದು ಪುಡಿಯಿಂದ ಸಕ್ಕರೆ ಕಾಯಿಲೆ ಬೇರುಸಮೇತ ಹೋಗುತ್ತದೆನ್ನುವ, ಪರದೆಯ ಮೇಲಿನ ಈ ಪುಟವನ್ನು ನಂಬಿಯೇ ಅವನು ಅವ್ವನ ಇನ್ಸುಲಿನ್ ನಿಲ್ಲಿಸಿ ಆ ಪುಡಿ ಕುಡಿಸಿದ್ದ. ಅವ್ವ ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು.

ಪುಟದಲ್ಲಿ ಪುಡಿಯನ್ನು ಹೊಗಳಿದ್ದ ಡಾಕ್ಟರ ಹೆಸರನ್ನು ಸುನಂದಾ ಹುಡುಕಿದಳು. ಈ ಪುಟ ಬಿಟ್ಟರೆ ಆ ಹೆಸರು ಬೇರೆಲ್ಲೂ ಸಿಗಲಿಲ್ಲ. ಪುಟದ ತಳಕ್ಕೆ ಹೋಗಿ, ಅಲ್ಲಿದ್ದ ಫೋನ್ ನಂಬರಿನ ಪಕ್ಕಕ್ಕೇ ಮನೆಯಿಂದ ತಂದಿದ್ದ ಪುಡಿಯ ಡಬ್ಬಿಯನ್ನು ಹಿಡಿದಳು.

"ಓದು. ಎರಡೂ ಒಂದೇ ನಂಬರು. ಮಾರೋರೇ ಬರ್ಕಂಡವ್ರೆ ಕಣಣ್ಣ!"

ಈರಣ್ಣನ ಮುಖ ಕಪ್ಪಿಟ್ಟಿತು. ಡಬ್ಬಿ ಕಿತ್ತುಕೊಂಡು ಎಸೆಯಲು ಹೋದ. ಸುನಂದಾ ಅವನ ರಟ್ಟೆ ಹಿಡಿದಳು.

"ಎಸೀಬ್ಯಾಡ. ಅವ್ವಂಗೆ ಏನ್ ಕೊಟ್ರಿ ಅಂತ ಡಾಕ್ಟ್ರು ಕೇಳ್ದಾಗ ನೀನು ಬಾಯ್ ಮುಚ್ಕಂಡಿದ್ದೆ. ಈಗ ಡಬ್ಬಿ ತೋರ್ಸಿ ನೀನೇ ಹೇಳು, ನಡಿ."