ಮಹಡಿಯ ಕಿಂಡಿ

"ನಂಗೂ ಸ್ವಲ್ಪ ನೋಡೋಕೆ ಬಿಡಜ್ಜೀ!" ಲಿಯಾನ್ ಪಿಸುಗುಟ್ಟಿದಳು.

"ಸುಮ್ನಿರೇ, ನಿಂಗೇನು ಅವಸರ?" ಅಜ್ಜಿ ಗುವಾತ್ ನಿಯೋ ಮಹಡಿಯ ಹಲಗೆಯ ಮೇಲೆ ಬೋರಲು ಮಲಗಿ ಕಿಂಡಿಗೆ ಕಣ್ಣು ಅಂಟಿಸಿದ್ದಳು. ನೆಲದ ಮೇಲೆ ಹೊರಳಾಡಲು ಯಾರಾದರೂ ಹೊಸ ಕೆಬಾಯಾ ರವಿಕೆ ತೊಟ್ಟು, ಮುಖಕ್ಕೆ ಪೌಡರ್ ಹಚ್ಚುತ್ತಾರೆಯೇ? ಈ ಅಜ್ಜಿ ಹಚ್ಚಿದ್ದಳು.

ಮಲಾಕಾದ ಆ ಬೀದಿಯ ಅಂಗಡಿಮನೆಗಳಲ್ಲಿ ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಬಾಗಿಲಿಗೆ ಬಂದವರು ಗಿರಾಕಿಯೋ ಕಳ್ಳರೋ ಎಂದು ಹೆಂಗಸರು ಮಹಡಿಯ ಕಿಂಡಿಯಿಂದಲೇ ಅಳೆಯುತ್ತಿದ್ದರು. ಈ ಮನೆಯಲ್ಲಿ ಗಂಡನ್ನು ಅಳೆಯುವುದೂ ಹಾಗೆಯೇ. ಒಪ್ಪಿಗೆಯಾದರೆ ಕಿಂಡಿಯಿಂದ ಗಂಡಿನ ಚಹಾ ಬಟ್ಟಲಿಗೆ ಒಂದು ಮಣಿ ಬೀಳುತ್ತದೆ. ಬಿದ್ದರೆ ಮುಗಿಯಿತು, ಮದುವೆ ನಿಶ್ಚಯ.

ಲಿಯಾನ್‌ಗೆ ಈ ಮದುವೆ ಸುತರಾಂ ಬೇಡ. ಹುಡುಗ ಹುವಾಟ್ ಬಾಯಿ ಬಿಟ್ಟರೆ ರಬ್ಬರ್ ತೋಟದ ಮಾತೊಂದೇ. "ಮಣಿ ಹಾಕ್ಬೇಡಜ್ಜೀ, ನಿನ್ನ ಕಾಲು ಹಿಡೀತೀನಿ."

"ನಂಗೆ ಮನಸ್ಸು ಒಪ್ಪಿದ್ರೆ ಮಾತ್ರ ಹಾಕೋದು ಕಣೇ."

ಆ ಮಾತಿನಲ್ಲಿ ಲಿಯಾನ್‌ಗೆ ನಂಬಿಕೆ ಬರಲಿಲ್ಲ. ಮದುಮಗಳೇ ಗಂಡಿಗೆ ಮಣಿ ಚಪ್ಪಲಿ ಹೊಲಿಯುವುದು ರೂಢಿ. ಅದನ್ನೂ ಅಜ್ಜಿ ಆಗಲೇ ಹೊಲಿದು ಮುಗಿಸಿದ್ದಳು. "ನಿನ್ನ ಕೈಗೆ ಬಿಟ್ರೆ ಮರಿಮಗ ಹುಟ್ಟಿದ್ರೂ ಮುಗಿಯಲ್ಲ" ಎಂದು ಮೂದಲಿಸಿದ್ದಳು. ಮನೆಯ ನೀಲಿ ಮುಂಭಾಗಕ್ಕೆ ಹಳದಿ ಬಳಿಸಿ, ಕಿಂಡಿಯನ್ನೂ ಮುಚ್ಚಿಸೋಣವೆಂದು ಮಗಳು ಸಿಯೋಕ್, ಲಿಯಾನ್‌ಳ ಅಮ್ಮ, ಹಟ ಹಿಡಿದಾಗ, "ಈ ಗಂಡು ಬಂದುಹೋಗ್ಲಿ, ಆಮೇಲೆ ಏನಾದ್ರೂ ಮಾಡ್ಕೋ. ನೀಲಿ ಮಾತ್ರ ಮುಟ್ಬೇಡ" ಎಂದಿದ್ದಳು.

ಕೆಳಗೆ ಹುವಾಟ್ ಕೊರಳುಪಟ್ಟಿ ಎಳೆದುಕೊಳ್ಳುತ್ತ ಕೂತಿದ್ದ. ಪಕ್ಕದಲ್ಲಿ ಅವನ ತಾತ ಟಿಯಾಂಗ್ ಬೀ. ಹೆಂಡತಿ ತೀರಿದ ಮೇಲೆ ಮನೆ ಬಿಟ್ಟು ಕದಲದ ಮುದುಕ, ಈ ಸಂಬಂಧದ ಮಾತನ್ನು ತಾನೇ ಎತ್ತಿದ್ದ.

"ನಿಮ್ಮನೆ ನೆಂಟಸ್ತನ ನಂಗೆ ಹಳೇ ಆಸೆಯಮ್ಮಾ" ಎಂದ ತಾತ, ಚಹಾ ಕೊಡುತ್ತಿದ್ದ ಸಿಯೋಕ್‌ಗೆ. "ಆ ಕಾಲದಲ್ಲಿ ಕೇಳೋ ಧೈರ್ಯ ಬರ್ಲಿಲ್ಲ. ನೀಲಿ ಬಣ್ಣ ಹಾಗೇ ಉಳಿಸಿದ್ದೀರಿ, ಸಂತೋಷ." ಮಾತು ಸಿಯೋಕ್‌ಗೆ, ಕಣ್ಣು ಮಾತ್ರ ಚಾವಣಿಗೆ.

ಟಣ್!

ಕೆಂಪು ಮಣಿಯೊಂದು ನೇರ ತಾತನ ಚಹಾ ಬಟ್ಟಲಿಗೆ ಬಿತ್ತು.

"ಅಯ್ಯೋ, ತಪ್ಪು ತಿಳೀಬೇಡಿ! ಅಮ್ಮಂಗೆ ಕಣ್ಣು ಮಂಜು. ಕೊಡಿ, ಹುವಾಟ್ ಬಟ್ಟಲಿಗೆ ಹಾಕ್ತೀನಿ" ಎಂದು ಸಿಯೋಕ್ ಕೈಚಾಚಿದಳು. ತಾತ ಬಟ್ಟಲನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡ.

ಮೇಲೆ ಲಿಯಾನ್ ಕಣ್ಣೊರೆಸಿಕೊಳ್ಳುತ್ತಿದ್ದಳು. "ಹಾಕೇ ಬಿಟ್ಟೆಯಲ್ಲಜ್ಜೀ! ಅದೂ ಗುರಿ ತಪ್ಪಿ ತಾತನ ಬಟ್ಟಲಿಗೆ!"

ಅಜ್ಜಿ ಎದ್ದು ಕೂತು, ತುರುಬು ಒತ್ತಿಕೊಂಡು, ಹೊಸ ಚಪ್ಪಲಿಗಳನ್ನು ಮಡಿಲಿಗೆ ಎಳೆದುಕೊಂಡಳು.

"ನಿಮ್ಮ ತಾತ ತೀರಿಹೋದಾಗಿನಿಂದ ಸೂಜಿಗೆ ಮಣಿ ಪೋಣಿಸಿ ಅಂಗಡಿ ನಡೆಸಿದ ಕೈ ಕಣೇ ಇದು, ಗುರಿ ತಪ್ಪಲ್ಲ."